ಸಂಕಮ್ಮ ಕೊಡದ ಭಾಷೆ

ಕಂಸಾಳೆಯವರು ಮಹದೇಶ್ವರನ ಕಥೆ ಹಾಡಲು ಕುಳಿತ ರಾತ್ರಿ, ಜನ ತಾವಾಗಿ ಕೇಳಿ ಹಾಡಿಸಿಕೊಳ್ಳುವ ಭಾಗವೆಂದರೆ ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಜೇನು, ಬೇಟೆಯೆಂದು ಕಾಡಿಗೆ ಹೊರಟಿದ್ದಾನೆ. ತಾನು ಹಿಂತಿರುಗುವ ತನಕ ಹೆಂಡತಿ ಪರಪುರುಷರನ್ನು ಕಣ್ಣೆತ್ತಿ ನೋಡುವುದಿಲ್ಲವೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡಬೇಕೆಂಬುದು ಅವನ ಹಠ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಎಂಬುದು ಅವಳ ನಿಲುವು. ಗಂಡ ಹೊಡೆಯುತ್ತಾನೆ, ಕಟ್ಟಿಹಾಕುತ್ತಾನೆ, ಕೊನೆಗೆ ಗುಡಿಸಲಲ್ಲಿ ಕೂಡಿ ದಿಗ್ಬಂಧನ ಮಾಡಿ ಹೊರಟುಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಬರುವುದು, ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಕರುಣಿಸುವುದು ಆಮೇಲಿನ ಕಥೆ.

ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದ ಸುತ್ತ ಹುಟ್ಟಿ ಬೆಳೆದ ಈ ಹಾಡುಗಬ್ಬದಲ್ಲಿ ನೀಲೇಗೌಡ ಮಾಡುವ ಕೆಲಸಕ್ಕೆ ಇಂಗ್ಲಿಷಿನ ಕಾನೂನು ಪುಸ್ತಕಗಳಲ್ಲಿ ಒಂದು ಹೆಸರಿದೆ: ‘ಕೊಯರ್ಷನ್’. ಒಬ್ಬರ ಮನಸ್ಸಿಗೆ ವಿರುದ್ಧವಾಗಿ, ಬೆದರಿಸಿ ಅಥವಾ ಹಿಂಸಿಸಿ, ಅವರಿಂದ ಒಪ್ಪಿಗೆಯನ್ನೋ ಮಾತನ್ನೋ ಸಹಿಯನ್ನೋ ಕೆಲಸವನ್ನೋ ಹೊರಡಿಸುವುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಈ ಮಾತು ಮುಖ್ಯವಾದ ಒಂದು ಜಾಗದಲ್ಲಿ ಹೊಸದಾಗಿ ಬಂದು ಕುಳಿತಿದೆ. ಅದು ಎಲ್ಲಿ, ಯಾಕೆ ಎನ್ನುವುದಕ್ಕೆ ಮುಂಚೆ ಇದರ ಕನ್ನಡವೇನು ಎಂಬ ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದಲ್ಲ, ಮಾತುಗಳು ಹೆಚ್ಚಾಗಿವೆ.

ಬಲವಂತ, ಒತ್ತಾಯ, ಬಲಾತ್ಕಾರ, ಜಬರ್ದಸ್ತಿ, ಜುಲುಮೆ, ನಿರ್ಬಂಧ, ಕಟ್ಟುಪಾಡು. ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ‘ಬಲವಂತ’ ಎಂದರೆ ಮೂಲದಲ್ಲಿ ಬಲವುಳ್ಳವನು, ಅಷ್ಟೆ. ಬಲವಂತರಾವ್ ಎಂಬ ಹೆಸರಿನಲ್ಲಿ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಬಲವುಳ್ಳವನ ಹೆಸರೇ ಅವನು ಬೇರೆಯವರ ಮೇಲೆ ನಡೆಸುವ ಕೆಲಸದ ಹೆಸರೂ ಆದದ್ದು ಕನ್ನಡಿಗರ ಅನುಭವವನ್ನು ತೋರಿಸುತ್ತದೆ ಎನ್ನಬೇಕು. ಆದರೆ ಈ ಪದಕ್ಕೆ ಒಂದು ಮೃದು ಮುಖವೂ ಇದೆ. ಕೊಳ್ಳೇಗಾಲದ ಕಡೆ ನೆಂಟರ ಮನೆಗೆ ಹೋದವರಿಗೆ ‘ಇನ್ನೊಸಿ ಉಣ್ಣಿ’ ಎಂದು ಮುದ್ದೆ ಮುರಿದು ಹಾಕುವುದೂ ಬಲವಂತವೇ. ‘ತುಂಬಾ ಬಲವಂತ ಮಾಡಿದರು, ಉಂಡು ಬಂದೆವು’ ಎನ್ನುವಾಗ ದೂರಿಗಿಂತ ಸಂತೋಷವೇ ಹೆಚ್ಚು. ಚಳಿಯಲ್ಲಿ ನಡುಗುತ್ತ ಮಾಡುವ ಬಲವಂತದ ಮಾಘಸ್ನಾನದಲ್ಲಿ ನಗೆಯಿದೆ, ಗಾಯವಿಲ್ಲ.

‘ಒತ್ತಾಯ’ ಅಚ್ಚಗನ್ನಡ. ಒತ್ತು ಎಂಬ ಕ್ರಿಯೆಯಿಂದ ಬಂದದ್ದು. ಸಂಘ ಸಂಸ್ಥೆಗಳು ಸರ್ಕಾರವನ್ನು ಒತ್ತಾಯಿಸುತ್ತವೆ. ಅದರಲ್ಲಿ ಹಿಂಸೆಯ ಸುಳಿವಿಲ್ಲ. ‘ಬಲಾತ್ಕಾರ’ ಸಂಸ್ಕೃತದಲ್ಲಿ ಬಲದಿಂದ ಮಾಡಿಸುವ ಯಾವ ಕೆಲಸಕ್ಕೂ ಸಲ್ಲುತ್ತಿದ್ದ ಮಾತು. ಕನ್ನಡ ಪತ್ರಿಕೆಗಳ ಬಳಕೆಯಲ್ಲಿ ಅದು ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಮೀಸಲಾಗಿಬಿಟ್ಟಿದೆ. ಆದ್ದರಿಂದ ‘ಬಲಾತ್ಕಾರದಿಂದ ಕರಾರಿಗೆ ಸಹಿ’ ಎಂದು ಬರೆದರೆ ಓದುಗ ಬೆಚ್ಚಿಬೀಳುತ್ತಾನೆ, ಕಾನೂನಿನ ಪುಸ್ತಕಗಳಲ್ಲಿ ಮಾತ್ರ ಹಳೆಯ ಅರ್ಥ ಉಳಿದಿದೆ. ‘ಜಬರ್ದಸ್ತಿ’ ಪಾರಸಿಯಿಂದ ಬಂದದ್ದು, ಮೇಲುಗೈ ಎಂದು ಅದರ ಅಕ್ಷರಾರ್ಥ. ‘ಜುಲುಮೆ’ ಅರಬ್ಬಿಯ ಜುಲ್ಮ್, ಅಂದರೆ ಅನ್ಯಾಯ. ಇನ್ನು ‘ಹಠ’ದ ಕಥೆ ತಿರುಗುಮುರುಗು. ಸಂಸ್ಕೃತದಲ್ಲಿ ಅದಕ್ಕೆ ಬಲಪ್ರಯೋಗವೆಂದೇ ಅರ್ಥ. ಹಠಯೋಗದಲ್ಲಿ ಇರುವುದು ಆ ಹಠ. ಕನ್ನಡಕ್ಕೆ ಬಂದ ಮೇಲೆ ಅದು ಬಲಕ್ಕೆ ಬಗ್ಗದವರ ಮೊಂಡುತನಕ್ಕೂ ಹೆಸರಾಯಿತು. ನೀಲೇಗೌಡನದೂ ಹಠ, ಸಂಕಮ್ಮನದೂ ಹಠ.

ಇಂಗ್ಲಿಷಿನ ಪದದ ಬೇರು ಲ್ಯಾಟಿನ್ನಿನದು. ಸುತ್ತುಗಟ್ಟಿ ಒಳಗಿಡು, ತಡೆದು ನಿಲ್ಲಿಸು ಎಂಬ ಅರ್ಥದ ಧಾತುವಿನಿಂದ ‘ಕೊಯರ್ಸ್’ ಹುಟ್ಟಿದೆ. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ‘ಎಕ್ಸರ್‌ಸೈಜ್’ ಎಂಬುದು ಕುತೂಹಲದ ಸಂಗತಿ. ‘ಕಂಪೆಲ್’ ಎಂಬುದರ ಮೂಲಾರ್ಥ ಅಟ್ಟಿಕೊಂಡು ಹೋಗು. ‘ಡ್ಯೂರೆಸ್’ನಲ್ಲಿರುವುದು ಗಡಸುತನ. ‘ಫೋರ್ಸ್’ ನಮ್ಮ ಬಲವಂತದಂತೆಯೇ ಬಲದಿಂದ ಬಂದದ್ದು. ಒಳಗಿಡು, ಅಟ್ಟು ಎಂಬ ಮಾತುಗಳು ದನ ಸಾಕಿದವರಿಗೆ ಹೊಸವಲ್ಲ. ಹನೂರಿನ ಕಾಡಂಚಿನ ಎಷ್ಟೋ ಊರುಗಳ ಹೆಸರು ‘ದೊಡ್ಡಿ’ ಎಂದು ಕೊನೆಯಾಗುತ್ತದೆ. ದನ ಕೂಡುವ ಜಾಗವೇ ಊರಾಗಿ ಬೆಳೆದದ್ದು. ಹೊಲಕ್ಕೆ ನುಗ್ಗಿದ ದನವನ್ನು ಕೂಡುವ ಬಂದಿದೊಡ್ಡಿಯೂ ಇದೆ. ಸಂಕಮ್ಮನ ಗುಡಿಸಲು ಒಂದು ಬಂದಿದೊಡ್ಡಿಯೇ.

ಬಿಟ್ಟಿ ಮತ್ತು ಜೀತ

ಮಾತಿಗಾಗಿ ಬಲವಂತ ಒಂದಾದರೆ, ದುಡಿಮೆಗಾಗಿ ಬಲವಂತ ಇನ್ನೊಂದು. ಇದಕ್ಕೆ ಕನ್ನಡದ ಹಳೆಯ ಹೆಸರು ‘ಬಿಟ್ಟಿ’. ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ಕೆಲಸಕ್ಕೆ ಸಂಸ್ಕೃತದಲ್ಲಿ ವಿಷ್ಟಿ ಎನ್ನುತ್ತಾರೆ, ಅದರ ತದ್ಭವವಿದು. ಶಾಸನಗಳಲ್ಲಿ ಊರಿನವರು ಸಲ್ಲಿಸಬೇಕಾದ ತೆರಿಗೆಗಳ ಪಟ್ಟಿಯಲ್ಲಿ ಬಿಟ್ಟಿಯೂ ಬರುತ್ತದೆ. ಕಾವೇರಿಯ ಆಚೆ ದಡದ ತಲಕಾಡನ್ನು 1116ರಲ್ಲಿ ಗೆದ್ದ ಹೊಯ್ಸಳ ಬಿಟ್ಟಿದೇವನ ಹೆಸರಿಗೂ ಇದಕ್ಕೂ ನಂಟು ಕಲ್ಪಿಸಬೇಕಾಗಿಲ್ಲ. ಆ ಬಿಟ್ಟಿ ವಿಷ್ಣುವಿನ ತದ್ಭವ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಪದ್ಧತಿಯ ಹೆಸರು ಈಗ ‘ಬಿಟ್ಟಿ ಊಟ’, ‘ಬಿಟ್ಟಿ ಭಾಗ್ಯ’ ಎಂಬಲ್ಲಿ ಪಡೆದವರನ್ನೇ ಹೀಯಾಳಿಸುವ ಮಾತಾಗಿದೆ. ಬಿಟ್ಟಿ ಮಾಡಿದವರ ಮೊಮ್ಮಕ್ಕಳಿಗೆ ಇದು ಹೇಗೆ ಕೇಳಿಸುತ್ತದೆಯೋ.

‘ಜೀತ’ದ್ದೂ ಹೀಗೆ ತಲೆಕೆಳಗಾದ ಕಥೆ. ಅದು ‘ಜೀವಿತ’ದ ತದ್ಭವ, ಹಳಗನ್ನಡದಲ್ಲಿ ಸಂಬಳ, ಬದುಕಿಗೆ ಆಧಾರ ಎಂಬ ಅರ್ಥವಿತ್ತು. ಸಾಲ ತೀರುವ ತನಕ ಒಡೆಯನ ಮನೆಯಲ್ಲಿ ದುಡಿಯುವ ಪದ್ಧತಿಗೆ ಆ ಹೆಸರು ಅಂಟಿಕೊಂಡ ಮೇಲೆ ಸಂಬಳದ ಅರ್ಥ ಕಳಚಿಬಿತ್ತು. ಮಹದೇಶ್ವರನ ಕಾವ್ಯದಲ್ಲಿ ಬಂಕಾಪುರಿಯ ಶ್ರವಣ ದೊರೆ ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಳ್ಳುತ್ತಾನೆ. ಮಾದಪ್ಪ ಅವನಿಗೆ ಅರಗಿನ ಪಾದರಕ್ಷೆ ಮಾಡಿಕೊಟ್ಟು ಸುಟ್ಟು ಹಾಕುತ್ತಾನೆ. ಜೀತದ ಅನುಭವ ಗೊತ್ತಿದ್ದವರು ಕಟ್ಟಿದ ಕಥೆ ಇದೆಂದು ಬೇರೆ ಹೇಳಬೇಕಾಗಿಲ್ಲ. ಇದೇ ಸೀಮೆಯ ಇನ್ನೊಂದು ಮಹಾಕಾವ್ಯ ಮಂಟೇಸ್ವಾಮಿಯದು. ಅಲ್ಲಿ ಗುರುವೇ ಪಾಂಚಾಳರ ಮನೆಯ ಮಗ ಕೆಂಪಾಚಾರಿಯನ್ನು ತನಗೆ ಶಿಶುಮಗನಾಗಿ ಕೊಡಿ ಎಂದು ಪಟ್ಟುಹಿಡಿಯುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಕಡೆಗೆ ಗುರುವಿನದೇ ಗೆಲ್ಲುತ್ತದೆ. ಆ ಹುಡುಗನೇ ಚಿಕ್ಕಲ್ಲೂರಿನಲ್ಲಿ ನೆಲೆಯಾದ ಸಿದ್ದಪ್ಪಾಜಿ. ನೀಲಗಾರರು ಈ ಭಾಗವನ್ನು ಹಾಡುವಾಗ ತಾಯಿಯ ಗೋಳನ್ನು ಒಂದಿಷ್ಟೂ ಮುಚ್ಚಿಡುವುದಿಲ್ಲ. ದೇವರು ಮಾಡಿದ್ದರೂ ಬಲವಂತ ಬಲವಂತವೇ ಎಂಬುದನ್ನು ಕಾವ್ಯ ಮರೆಸುವುದಿಲ್ಲ.

ಆಡಳಿತದ ಚರಿತ್ರೆಯಲ್ಲಿ ಈ ಮೂರು ಊರುಗಳು ಒಂದೇ ದಾರಿಯಲ್ಲಿ ಬಂದವಲ್ಲ. ಕೊಳ್ಳೇಗಾಲ ತಾಲ್ಲೂಕು, ಹನೂರನ್ನೂ ಸೇರಿಸಿಕೊಂಡು, ಟಿಪ್ಪುವಿನ ಪತನದಿಂದ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟದ್ದು. ಹೀಗಾಗಿ ಒಂದೇ ಹೊಳೆಯ ನೀರು ಕುಡಿಯುವ ಊರುಗಳಿಗೆ ಎರಡು ಕಾನೂನು. 1858ರಲ್ಲಿ ಮದರಾಸು ಪ್ರಾಂತ್ಯಕ್ಕಾಗಿ ಹೊರಟ ಒಂದು ಕಾಯಿದೆಯ ಹೆಸರೇ ಕಡ್ಡಾಯ ದುಡಿಮೆಯ ಕಾಯಿದೆ. ಕೆರೆ ಏರಿ ಒಡೆಯುವಂತಿದ್ದರೆ, ಪ್ರವಾಹ ಬರುವಂತಿದ್ದರೆ, ಊರಿನ ಗಟ್ಟಿಮುಟ್ಟಾದ ಗಂಡಸರನ್ನು ಅಧಿಕಾರಿ ಕೆಲಸಕ್ಕೆ ಕರೆಯಬಹುದಿತ್ತು. ಕೂಲಿ ಸಿಗುತ್ತಿತ್ತು, ಆದರೆ ಬಾರದವರಿಗೆ ಶಿಕ್ಷೆ. ರೈತರು ಹಿಂದಿನಿಂದ ನಡೆಸಿಕೊಂಡು ಬಂದಿದ್ದ ಕುಡಿಮರಾಮತ್ತು, ಅಂದರೆ ಕೆರೆ ಕಾಲುವೆಗಳ ಹೂಳು ತೆಗೆಯುವ ಸರದಿ ಕೆಲಸ, ಅದನ್ನೂ ಈ ಕಾಯಿದೆ ಕಡ್ಡಾಯ ಮಾಡಿತು. ಕೆರೆ ಉಳಿಸಲು ಊರೆಲ್ಲ ಗುದ್ದಲಿ ಹಿಡಿಯುವುದಕ್ಕೂ, ಒಡೆಯನ ಗದ್ದೆಗೆ ಕೆಲವೇ ಕೇರಿಗಳ ಜನ ಬಿಟ್ಟಿಗೆ ಹೋಗುವುದಕ್ಕೂ ಇರುವ ವ್ಯತ್ಯಾಸವನ್ನು 1950ರ ಸಂವಿಧಾನ ಗುರುತಿಸಿತು. ಬೇಗಾರ ಮತ್ತು ಬಲವಂತದ ದುಡಿಮೆಯನ್ನು 23ನೇ ವಿಧಿ ನಿಷೇಧಿಸುತ್ತದೆ. ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದೆಂದು ಅದೇ ವಿಧಿ ಹೇಳುತ್ತದೆ, ಆದರೆ ಜಾತಿ, ಧರ್ಮ, ವರ್ಗ ನೋಡಿ ವಿಧಿಸುವಂತಿಲ್ಲ.

ಬಲವಂತ ಎಂದರೆ ಏನೆಂಬುದನ್ನು ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 1982ರಲ್ಲಿ, ದೆಹಲಿಯ ಏಷ್ಯಾಡ್ ಕ್ರೀಡಾಂಗಣಗಳ ಕಾರ್ಮಿಕರ ಪ್ರಕರಣದಲ್ಲಿ. ಯಾರೂ ಹೊಡೆದಿಲ್ಲ, ಕಟ್ಟಿಹಾಕಿಲ್ಲ, ಅವರೇ ಬಂದು ಕಡಿಮೆ ಕೂಲಿಗೆ ಒಪ್ಪಿದ್ದಾರಲ್ಲ ಎಂಬ ವಾದವನ್ನು ನ್ಯಾಯಮೂರ್ತಿ ಪಿ.ಎನ್. ಭಗವತಿ ಒಪ್ಪಲಿಲ್ಲ. ಹಸಿವು ಮತ್ತು ಬಡತನವೂ ಬಲವೇ. ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವವನು ಬಲವಂತದ ದುಡಿಮೆಯನ್ನೇ ಮಾಡುತ್ತಿದ್ದಾನೆ ಎಂದರು. ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಅದಕ್ಕೂ ಮುಂಚೆಯೇ, 1976ರಲ್ಲಿ, ಬಂದಿತ್ತು. ಆದರೆ ಒಪ್ಪಿಗೆ ಎಂಬ ಮಾತಿನ ಬುಡ ಅಲುಗಾಡಿಸಿದ್ದು ಈ ತೀರ್ಪು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಒಪ್ಪಿಗೆಯ ಪ್ರಶ್ನೆ ಪುಸ್ತಕದ್ದಲ್ಲ. 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ಬೇಟೆಯೂ ಕುಮರಿ ಬೇಸಾಯವೂ ನಿಂತವು, ಪೋಡುಗಳು ಎಬ್ಬಿಸಲ್ಪಟ್ಟವು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯಿದೆಯ ಕೆಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳೂ ಸಿಕ್ಕವು. ಹುಲಿ ಕಾಡಿನಿಂದ ಜನರನ್ನು ಕಳಿಸುವುದಾದರೆ ಅದು ‘ಸ್ವಯಂಪ್ರೇರಿತ’ವಾಗಿರಬೇಕೆಂದು ಈಗ ಕಾನೂನು ಹೇಳುತ್ತದೆ. ಈ ಪದವನ್ನು ಅಳೆಯುವಾಗಲೂ 1982ರ ಪ್ರಶ್ನೆಯನ್ನೇ ಕೇಳಬೇಕಾಗುತ್ತದೆ. ರಸ್ತೆಯಿಲ್ಲ, ಕರೆಂಟಿಲ್ಲ, ಆಸ್ಪತ್ರೆಯಿಲ್ಲ ಎಂಬ ಸ್ಥಿತಿಯಲ್ಲಿ ಹೊರಟವನು ತಾನಾಗಿ ಹೊರಟವನೇ?

ಸಾಯುತ್ತೇನೆಂಬ ಬೆದರಿಕೆ

ಕರಾರಿನ ವಿಷಯಕ್ಕೆ ಬಂದರೆ 1872ರ ಕರಾರು ಕಾಯಿದೆಯ 15ನೇ ಕಲಮು ಕೊಯರ್ಷನ್ನಿಗೆ ಖಚಿತವಾದ ವ್ಯಾಖ್ಯೆ ಕೊಡುತ್ತದೆ. ದಂಡಸಂಹಿತೆ ನಿಷೇಧಿಸಿದ ಕೃತ್ಯ ಮಾಡಿ ಅಥವಾ ಮಾಡುತ್ತೇನೆಂದು ಹೆದರಿಸಿ, ಇಲ್ಲವೇ ಆಸ್ತಿಯನ್ನು ಅಕ್ರಮವಾಗಿ ತಡೆಹಿಡಿದು, ಕರಾರಿಗೆ ಒಪ್ಪಿಸಿದರೆ ಅದು ಕೊಯರ್ಷನ್. ಹಾಗೆ ಒಪ್ಪಿದವರು ಬೇಕೆಂದರೆ ಕರಾರನ್ನು ಮುರಿಯಬಹುದು. ಬೆದರಿಕೆಯಿಲ್ಲದೆ ಸ್ಥಾನಬಲದಿಂದ ಒಪ್ಪಿಸಿದರೆ ಅದಕ್ಕೆ 16ನೇ ಕಲಮು ಬೇರೆ ಹೆಸರಿಡುತ್ತದೆ. ಕನ್ನಡದ ಹಂಗು, ಮುಲಾಜು, ದಾಕ್ಷಿಣ್ಯ ಅದರ ಹತ್ತಿರ ಬರುತ್ತವೆ. ದಾಕ್ಷಿಣ್ಯಕ್ಕೆ ಬಸಿರಾದವರ ಗಾದೆ ಗೊತ್ತಿರುವ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕಲಮನ್ನು ಒರೆಗೆ ಹಚ್ಚಿದ ಹೆಸರಾಂತ ತೀರ್ಪುಗಳಲ್ಲಿ ಎರಡು, ಕೊಳ್ಳೇಗಾಲ ಯಾವ ಹೈಕೋರ್ಟಿನ ಅಧೀನದಲ್ಲಿತ್ತೋ ಆ ಮದರಾಸು ಹೈಕೋರ್ಟಿನವು. 1889ರಲ್ಲಿ ಬಂದದ್ದು ಹದಿಮೂರು ವರ್ಷದ ವಿಧವೆಯೊಬ್ಬಳ ಪ್ರಕರಣ. ಹುಡುಗನೊಬ್ಬನನ್ನು ದತ್ತು ತೆಗೆದುಕೊಳ್ಳುವ ತನಕ ಗಂಡನ ಹೆಣ ಎತ್ತಲು ನೆಂಟರು ಬಿಡಲಿಲ್ಲ. ಆಕೆ ಒಪ್ಪಿದಳು. ಅದು ಸ್ವತಂತ್ರ ಒಪ್ಪಿಗೆಯಲ್ಲವೆಂದು ನ್ಯಾಯಾಲಯ ಹೇಳಿತು. 1917ರ ಪ್ರಕರಣ ಇನ್ನೂ ಬಿಗಿಯಾದದ್ದು. ಆಸ್ತಿಯನ್ನು ತನ್ನ ತಮ್ಮನಿಗೆ ಬಿಟ್ಟು ಬರೆದುಕೊಡದಿದ್ದರೆ ಸಾಯುತ್ತೇನೆಂದು ಗಂಡ ಹೆದರಿಸಿದ. ಹೆಂಡತಿ, ಮಗ ಸಹಿ ಹಾಕಿದರು. ಸತ್ತವನನ್ನು ಶಿಕ್ಷಿಸಲು ಬರುವುದಿಲ್ಲ, ಹಾಗಾದರೆ ಆತ್ಮಹತ್ಯೆ ಕಾನೂನು ನಿಷೇಧಿಸಿದ ಕೃತ್ಯವೇ ಎಂಬುದು ಪ್ರಶ್ನೆ. ಯತ್ನವೇ ಅಪರಾಧವಾದ ಮೇಲೆ ಕೃತ್ಯವೂ ನಿಷಿದ್ಧವೇ, ಆದ್ದರಿಂದ ಇದು ಕೊಯರ್ಷನ್ ಎಂದು ಬಹುಮತದ ತೀರ್ಪು ಬಂತು. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. 2024ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಸಾರಾಸಗಟಾಗಿ ಅಪರಾಧವೆನ್ನುವ ಕಲಮಿಲ್ಲ. ಸರ್ಕಾರಿ ನೌಕರನ ಕರ್ತವ್ಯದ ಮೇಲೆ ಒತ್ತಡ ತರಲು ಯತ್ನಿಸಿದರೆ ಮಾತ್ರ ಶಿಕ್ಷೆ. ಆ ಹಳೆಯ ತೀರ್ಪಿನ ತರ್ಕ ನಿಂತಿದ್ದ ನೆಲ ಹೀಗೆ ಸರಿದಿದೆ. ಮನೆಗಳಲ್ಲಿ ಆ ಮಾತಿಗೆ ಹೆದರಿ ಸಹಿ ಹಾಕುವವರು ಇದ್ದೇ ಇದ್ದಾರೆ.

ವರ್ಕ್‌ಶಾಪ್ ಎಂಬ ಮಾತು

ಬಾಯಿ ಬಿಡಿಸುವ ಬಲವಂತಕ್ಕೆ ಹನೂರಿನ ಕಾಡಂಚಿನ ಜನರ ನೆನಪಿನಲ್ಲಿ ಇನ್ನೊಂದು ಇಂಗ್ಲಿಷ್ ಮಾತಿದೆ, ‘ವರ್ಕ್‌ಶಾಪ್’. ವೀರಪ್ಪನ್ನನ ಗುಂಪು 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ಬಿದ್ದು ಐವರು ಪೊಲೀಸರನ್ನು ಕೊಂದಿತು. ಅದೇ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಷಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬು ಸ್ಫೋಟದಲ್ಲಿ 22 ಮಂದಿ ಸತ್ತರು. ಇದರ ಬೆನ್ನಿಗೆ ಕರ್ನಾಟಕ, ತಮಿಳುನಾಡುಗಳ ಜಂಟಿ ಕಾರ್ಯಪಡೆ ಕಾಡಂಚಿನ ಹಳ್ಳಿಗಳಿಗೆ ನುಗ್ಗಿತು. ಹಗಲು ಕಾರ್ಯಪಡೆಗೆ, ರಾತ್ರಿ ಕಾಡಿನವರಿಗೆ ಜವಾಬು ಹೇಳಬೇಕಾದ ಸ್ಥಿತಿ ಆ ಜನರದು. ಹಿಡಿದು ತಂದವರನ್ನು ಹಿಂಸಿಸಿ ಬಾಯಿ ಬಿಡಿಸುತ್ತಿದ್ದ ಮಹದೇಶ್ವರ ಬೆಟ್ಟದ ಶಿಬಿರವೊಂದನ್ನು ದೂರು ಕೊಟ್ಟವರು ಗುರುತಿಸಿದ್ದು ‘ವರ್ಕ್‌ಶಾಪ್’ ಎಂದು.

ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಆದರೆ ಈ ಜನರ ಮೇಲೆ ಹಾಕಿದ್ದು ಟಾಡಾ. ಅದರ 15ನೇ ಕಲಮಿನಂತೆ ಎಸ್.ಪಿ. ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ನಡೆಯುತ್ತಿತ್ತು. ಸುಪ್ರೀಂ ಕೋರ್ಟು 1994ರಲ್ಲಿ ಇದನ್ನು ಎತ್ತಿಹಿಡಿದಿತ್ತು. 1995ರ ಮೇ ತಿಂಗಳಲ್ಲಿ ಟಾಡಾ ಅವಧಿ ಮುಗಿದು ಬಿದ್ದುಹೋಯಿತು, ಒಳಗಿದ್ದವರು ಒಳಗೇ ಉಳಿದರು.

ಇದೇ ಕೈದಿಗಳು ಇನ್ನೊಂದು ಬಲವಂತದ ಪಣವೂ ಆದದ್ದು ವಿಚಿತ್ರ. 2000ದ ಜುಲೈ 30ರಂದು ವರನಟ ರಾಜಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ ವೀರಪ್ಪನ್, ಟಾಡಾ ಕೈದಿಗಳ ಬಿಡುಗಡೆಯನ್ನೂ ಕೇಳಿದ. ಸರ್ಕಾರ ಮೊಕದ್ದಮೆ ಹಿಂದೆಗೆಯಲು ಮುಂದಾಯಿತು. ಮೀಣ್ಯದಲ್ಲಿ ಮಡಿದ ಷಕೀಲ್ ಅಹಮದ್ ಅವರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರ್ 7ರಂದು ಕೋರ್ಟು ಆ ಕ್ರಮವನ್ನು ತಳ್ಳಿಹಾಕಿತು. ಮೊಕದ್ದಮೆ ಹಿಂದೆಗೆಯುವುದು ಸರ್ಕಾರಿ ವಕೀಲ ತನ್ನ ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕಾದ ವಿಷಯವೇ ಹೊರತು ಇನ್ನೊಬ್ಬರ ಒತ್ತಡಕ್ಕೆ ಮಣಿದು ಮಾಡುವುದಲ್ಲ ಎಂಬುದು ಅದರ ಸಾರ. 108 ದಿನಗಳ ಮೇಲೆ, ನವೆಂಬರ್ 15ರಂದು, ರಾಜಕುಮಾರ್ ಬಿಡುಗಡೆಯಾದರು. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಅಪಹರಣವಾದ ಮಾಜಿ ಸಚಿವ ಎಚ್. ನಾಗಪ್ಪ ಮಾತ್ರ ಜೀವಂತ ಮರಳಲಿಲ್ಲ. ಟಾಡಾ ಆರೋಪಿಗಳಲ್ಲಿ ಬಹುಪಾಲು ಜನರನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರ ಸೆಪ್ಟೆಂಬರಿನಲ್ಲಿ ಖುಲಾಸೆ ಮಾಡಿತು. ಆ ಹೊತ್ತಿಗೆ ಅವರಲ್ಲಿ ಹಲವರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು.

ಕಾರ್ಯಪಡೆಯ ಮೇಲಿನ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತ್ತು. 2003ರಲ್ಲಿ ವರದಿ ಬಂತು. 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು.

1872ರ ಸಾಕ್ಷ್ಯ ಕಾಯಿದೆಯ 24ನೇ ಕಲಮಿನಲ್ಲಿ ತಪ್ಪೊಪ್ಪಿಗೆಯನ್ನು ಕೆಡಿಸುವ ಕಾರಣಗಳು ಮೂರಿದ್ದವು: ಆಮಿಷ, ಬೆದರಿಕೆ, ಭರವಸೆ. ಹೊಸ ಸಾಕ್ಷ್ಯ ಅಧಿನಿಯಮದ 22ನೇ ಕಲಮು ಇವುಗಳ ನಡುವೆ ನಾಲ್ಕನೆಯದನ್ನು ಸೇರಿಸಿದೆ. ಅದೇ ಕೊಯರ್ಷನ್. ಹೊಡೆದರೆಂದು ಆರೋಪಿ ಅನುಮಾನಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕೆಂದು ಕಲಮು ಕೇಳುವುದಿಲ್ಲ. ತಪ್ಪೊಪ್ಪಿಗೆ ಹಾಗೆ ಹೊರಟಂತೆ ನ್ಯಾಯಾಲಯಕ್ಕೆ ಕಂಡುಬಂದರೆ ಸಾಕು. ಆ ಬೆದರಿಕೆಯ ಪರಿಣಾಮ ಮನಸ್ಸಿನಿಂದ ಪೂರ್ತಿ ಹೋದ ಮೇಲೆ ಹೇಳಿದ್ದಾದರೆ ಆ ಮಾತು ನಡೆಯುತ್ತದೆ. ಪರಿಣಾಮ ಹೋಗಿದೆಯೇ ಎಂದು ತೀರ್ಮಾನಿಸಬೇಕಾದವರು ನ್ಯಾಯಾಧೀಶರು.